ತಿರುಪಿಲ್ಲದ ಪಿಸ್ತೂಲು, ಚೆನ್ನಯ್ಯನ ಮೇಜು

ಬುಧವಾರ, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹೊಳೆನರಸೀಪುರದ ಪೇಟೆ ಬೀದಿಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿ ಹಾಲಿನವನ ಸೈಕಲ್ ಹೋದ ಮೇಲೆ ಮತ್ತೆ ಸದ್ದಿಲ್ಲ. ಬಂದೂಕು ರಿಪೇರಿ ಅಂಗಡಿಯ ಷಟರ್ ಇಳಿದಿದೆ, ಆದರೆ ಒಳಗೆ ಚೆನ್ನಯ್ಯ ಕೂತಿದ್ದಾರೆ. ಹಿಂಬದಿಯ ಕಿಟಕಿಯ ಬೆಳಕು ಮೇಜಿನ ಮೇಲೆ ಹಾಸಿದ ಬಿಳಿ ಪಂಚೆಯ ತುಂಡಿಗೆ ಬಂದು ತಲುಪುವುದನ್ನು ಕಾಯುತ್ತಿದ್ದಾರೆ. ಟ್ಯೂಬ್‌ಲೈಟಿನ ಕೆಳಗೆ ಕಬ್ಬಿಣ ತನ್ನ ಗೀರನ್ನು ಮುಚ್ಚಿಟ್ಟುಕೊಳ್ಳುತ್ತದೆ, ಬೆಳಗಿನ ಬೆಳಕಲ್ಲಿ ಅದಕ್ಕೆ ಆಗುವುದಿಲ್ಲ ಎನ್ನುವುದು ಅವರ ಅನುಭವ.

ಪಂಚೆಯ ಮೇಲೆ ಹಳೆಯ ಜರ್ಮನ್ ಪಿಸ್ತೂಲೊಂದು ಬಿಡಿಬಿಡಿಯಾಗಿ ಹರಡಿದೆ. ಬಿಚ್ಚಿದ ಕ್ರಮದಲ್ಲೇ, ಎಡದಿಂದ ಬಲಕ್ಕೆ, ಎಲೆಗೆ ಬಡಿಸಿದ ಹಾಗೆ ಪ್ರತಿಯೊಂದಕ್ಕೂ ಅದರದೇ ಜಾಗ. ಚೆನ್ನಯ್ಯ ಎಲ್ಲವನ್ನೂ ಬಿಟ್ಟು ಹೆಬ್ಬೆರಳಷ್ಟು ದೊಡ್ಡದಾದ ಒಂದು ತುಂಡನ್ನು ಎತ್ತಿಕೊಂಡು, ಭೂತಗನ್ನಡಿ ಹಿಡಿದು, ಅದರ ಬುಡದಲ್ಲಿ ಒತ್ತಿರುವ ಅಂಕಿ ಓದುತ್ತಾರೆ. 286. ಪಿಸ್ತೂಲಿನ ಮೈಮೇಲಿರುವ ನಂಬರಿನ ಕೊನೆಯ ಅಂಕಿಗಳು 417. ತುಂಡನ್ನು ಕೆಳಗಿಟ್ಟು ಕೈ ಒರೆಸಿಕೊಂಡು ಮತ್ತೆ ಎತ್ತಿ ಓದುತ್ತಾರೆ. ಈ ವ್ಯತ್ಯಾಸ ಅವರಿಗೆ ಗೊತ್ತಾಗಿ ಮೂವತ್ತೊಂಬತ್ತು ವರ್ಷವಾಗಿದೆ.

"ಯಾವತ್ತಾದ್ರೂ ಬೇರೆ ಕಾಣ್ತದೇನೋ ಅಂತ ಒಂದಾಸೆ ಕಣಮ್ಮ. ಕಬ್ಬಿಣದ್ ಮ್ಯಾಲೆ ಒತ್ತಿರೋ ಅಂಕಿ, ಎಲ್ಲಿ ಬದ್ಲಾಯ್ತದೆ," ಎಂದು ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಈ ಪಿಸ್ತೂಲನ್ನು ಅದರ ಮನೆಯವರು ಶುಕ್ರವಾರ ಪೊಲೀಸ್ ಠಾಣೆಗೆ ಒಪ್ಪಿಸುತ್ತಾರೆ. ಅಲ್ಲಿಗೆ ಹೋದರೆ ಮತ್ತೆ ಯಾರ ಕೈಗೂ ಬರುವುದಿಲ್ಲ. ಚೆನ್ನಯ್ಯನಿಗೆ ಉಳಿದಿರುವುದು ಎರಡು ದಿನ.

ಅರವತ್ತೆರಡು ವರ್ಷದ ಚೆನ್ನಯ್ಯ ಹರದನಹಳ್ಳಿಯ ಬೇಸಾಯದ ಮನೆಯವರು. ಹತ್ತನೇ ತರಗತಿಯಲ್ಲಿ ನಪಾಸಾದ ಮೇಲೆ ಎರಡು ವರ್ಷ ಗದ್ದೆ ಕೆಲಸ ಮಾಡಿ, ನಂತರ ಹಾಸನದ ಒಂದು ಬಂದೂಕಿನ ಅಂಗಡಿಯಲ್ಲಿ ಮೇಸ್ತ್ರಿ ಕೆಂಪಣ್ಣನವರ ಕೈಕೆಳಗೆ ಸೇರಿದರು. ಮೊದಲ ವರ್ಷ ಪೂರ್ತಿ ಸೀಮೆಎಣ್ಣೆಯಲ್ಲಿ ನಳಿಗೆ ತೊಳೆದದ್ದೇ ಕೆಲಸ. ಕೆಂಪಣ್ಣ ತೀರಿಕೊಂಡು ಆ ಅಂಗಡಿ ಮುಚ್ಚಿದಾಗ ರಿಪೇರಿಯ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡು ಇಲ್ಲಿ ಬಾಗಿಲು ತೆರೆದರು. ಆಗಿನಿಂದ ಎಂಟಡಿಗೆ ಹತ್ತಡಿಯ ಇದೇ ಜಾಗ, ಇದೇ ಮೇಜು. ಲೈಸೆನ್ಸಿನ ನವೀಕರಣ ಮುಂದಿನ ಮಾರ್ಚಿಗೆ.

ತಿಂಗಳಿಗೆ ಹೆಚ್ಚೆಂದರೆ ಹನ್ನೆರಡು ಬಂದೂಕು ಬರುತ್ತವೆ. ಮುಕ್ಕಾಲು ಪಾಲು ಅರಕಲಗೂಡು ಕಡೆಯವು. ಜೋಳದ ಹೊಲಕ್ಕೆ ಇಳಿಯುವ ಹಂದಿ ಓಡಿಸಲು ಇಟ್ಟುಕೊಂಡ ಒಂಟಿ ನಳಿಗೆಯವು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆ ಸೇರುತ್ತವೆ, ಫಲಿತಾಂಶ ಬಂದ ಮೇಲೆ ತುಕ್ಕು ಹಿಡಿದು ವಾಪಸಾಗುತ್ತವೆ. ಆಗ ವಾರಕ್ಕೆ ಇಪ್ಪತ್ತಾದರೂ ಆಗುತ್ತದೆ. ಯಾರು ಗೆದ್ದರೂ ತನಗೆ ಎರಡು ತಿಂಗಳ ಕೆಲಸ ಗ್ಯಾರಂಟಿ ಎಂದು ಚೆನ್ನಯ್ಯ ನಗುತ್ತಾರೆ. ಎಡಗಣ್ಣಿಗೆ ಪೊರೆ ತೆಗೆಸಿದ್ದಾರೆ, ಬಲಗಣ್ಣಿಗೆ ತೆಗೆಸಬೇಕು. ಬಲಗೈಯ ಎರಡು ಬೆರಳ ತುದಿಯ ಕಪ್ಪು ಯಾವ ಸೋಪಿಗೂ ಹೋಗುವುದಿಲ್ಲ.

ಕಸುಬು ಹಿಡಿದ ಹೊಸದರಲ್ಲಿ ಅವರ ಮನಸ್ಸನ್ನು ಸೆಳೆದದ್ದು ಹೊಲ ಕಾಯುವ ಈ ಬಂದೂಕುಗಳಲ್ಲ, ಜರ್ಮನಿಯ ಹಳೆಯ ಮಿಲಿಟರಿ ಪಿಸ್ತೂಲುಗಳು. ಹಾಸನದ ಆ ಅಂಗಡಿಗೆ ವರ್ಷಕ್ಕೆ ನಾಲ್ಕೈದು ಬರುತ್ತಿದ್ದವು. ಒಮ್ಮೆ ಲೂಗರ್ ಒಂದು ಬಂದಿತ್ತು. ಗುಂಡು ಹಾರಿದಾಗ ಅದರ ಬೆನ್ನಿನ ಮೇಲಿನ ಕೀಲು, ಕುಕ್ಕರಗಾಲಲ್ಲಿ ಕೂತವನ ಮಂಡಿಯಂತೆ ಮಡಿಸಿಕೊಂಡು ಮೇಲೆದ್ದು ಮತ್ತೆ ಚಾಚಿಕೊಳ್ಳುತ್ತದೆ. ಮೂರು ದಿನ ಅಂಗಡಿಯಲ್ಲಿದ್ದ ಅದನ್ನು ಕೆಂಪಣ್ಣ ಇವರ ಕೈಗೆ ಕೊಡಲೇ ಇಲ್ಲ. ದೂರದಿಂದ ನೋಡಿದ ಅದರ ಹೊಂಬಣ್ಣದ ಸಣ್ಣ ತುಂಡುಗಳನ್ನು ಚೆನ್ನಯ್ಯ ಇವತ್ತಿಗೂ ಕೈಯಲ್ಲಿ ಅಳತೆ ತೋರಿಸಿ ವಿವರಿಸುತ್ತಾರೆ.

ಕೈಗೆ ಸಿಕ್ಕದ್ದು ಮೌಸರ್. ಪೊರಕೆಯ ಹಿಡಿಯಂತೆ ದುಂಡನೆಯ ಮರದ ಹಿಡಿ, ಟ್ರಿಗರಿನ ಮುಂದೆ ತೋಟಾ ತುಂಬುವ ಪೆಟ್ಟಿಗೆ, ಉದ್ದನೆಯ ತೆಳ್ಳನೆಯ ನಳಿಗೆ. ಮರದ ಹಿಡಿಗೆ ಹಾಕಿರುವ ತಿರುಪನ್ನು ಬಿಟ್ಟರೆ ಇಡೀ ಯಂತ್ರದಲ್ಲಿ ಇನ್ನೊಂದು ತಿರುಪಿಲ್ಲ.

"ಬೇರೆ ಪಿಸ್ತೂಲ್‌ನಲ್ಲಿ ತಿರುಪು ಇಡ್ಕಂಡಿರ್ತದೆ. ಇದ್ರಲ್ಲಿ ಒಂದು ತುಂಡು ಇನ್ನೊಂದ ಇಡ್ಕಂಡಿರ್ತದೆ, ಅದು ಮತ್ತೊಂದ. ಒಂದು ಸರೀಗಿಲ್ಲ ಅಂದ್ರೆ ಯಾವ್ದೂ ಕೂತ್ಕಳಕಿಲ್ಲ. ಜಾಯಿಂಟ್ ಫ್ಯಾಮಿಲಿ ಇದ್ದಂಗೆ."

ಗುರಿ ನೋಡಲು ಹಿಂಬದಿಯಲ್ಲಿರುವ ಗುರಿಪಟ್ಟಿಯ ಮೇಲೆ ಸಾವಿರ ಮೀಟರಿನವರೆಗೂ ಗೆರೆ ಕೊರೆದಿದೆ. ಇಲ್ಲಿಂದ ಸಾವಿರ ಮೀಟರ್ ಎಂದರೆ ಹೊಳೆಯಾಚೆಗಾಯಿತು, ಅಲ್ಲಿ ನಿಂತಿರುವುದು ಮನುಷ್ಯನೋ ಎಮ್ಮೆಯೋ ಎಂದು ಮೊದಲು ಗೊತ್ತಾಗಬೇಕಲ್ಲ ಎಂದು ಚೆನ್ನಯ್ಯ ಆ ಗೆರೆಗಳನ್ನು ಹಾಸ್ಯ ಮಾಡುತ್ತಾರೆ. ಕೆಲವು ಸಣ್ಣ ತುಂಡುಗಳಿಗೆ ಬೆಂಕಿಯಲ್ಲಿ ಕಾಯಿಸಿ ತಂದ ನವಿಲುಕತ್ತಿನ ನೀಲಿ. ಈಗ ಮೇಜಿನ ಮೇಲಿರುವುದು ಮೊದಲ ಮಹಾಯುದ್ಧದ ಕಾಲದ್ದು. ಹೊರಮೈಯಲ್ಲಿ ಯಂತ್ರದ ಕೊರೆತದ ಗೆರೆಗಳು ಹಾಗೇ ಉಳಿದಿವೆ, ತಯಾರಿಸಿದವರಿಗೆ ಉಜ್ಜಲು ಪುರಸೊತ್ತು ಇರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಒಂದೊಂದು ತುಂಡೂ ಗಾಜಿನಂತೆ ನುಣುಪು. ಹೊರಗೆ ಅವಸರ, ಒಳಗೆ ಅವಸರವಿಲ್ಲ ಎಂದು ಚೆನ್ನಯ್ಯ ಬೆರಳಾಡಿಸಿ ತೋರಿಸುತ್ತಾರೆ.

ಒಂದು ಪಿಸ್ತೂಲಿನ ತುಂಡುಗಳನ್ನು ಅದಕ್ಕಾಗಿಯೇ ಕೈಯಲ್ಲಿ ಉಜ್ಜಿ ಕೂಡಿಸುತ್ತಿದ್ದರು. ಇನ್ನೊಂದಕ್ಕೆ ಅವು ಹೊಂದುವುದಿಲ್ಲ. ಆದ್ದರಿಂದಲೇ ಮುಖ್ಯವಾದ ಪ್ರತಿ ತುಂಡಿನ ಮೇಲೂ ಆ ಪಿಸ್ತೂಲಿನ ನಂಬರಿನ ಕೊನೆಯ ಅಂಕಿಗಳನ್ನು ಒತ್ತಿರುತ್ತಾರೆ. ಕೂಡಿಸುವ ಮುಂಚೆ ಪ್ರತಿಯೊಂದರ ನಂಬರನ್ನೂ ಬಾಯಿಬಿಟ್ಟು ಓದಬೇಕು ಎನ್ನುವುದು ಕೆಂಪಣ್ಣ ಕಲಿಸಿದ ಮೊದಲ ಪಾಠ.

ಚೆನ್ನಯ್ಯನ ಅಂಗಡಿಗೆ ಅದಕ್ಕಿಂತ ಕಟ್ಟುನಿಟ್ಟಾದ ಇನ್ನೊಂದು ನಿಯಮವಿದೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಬಂದೂಕು. ಅದು ಪೂರ್ತಿ ಕೂಡಿ ಪೆಟ್ಟಿಗೆ ಸೇರುವವರೆಗೆ ಷಟರ್ ಏಳುವುದಿಲ್ಲ, ಬಂದವರು ಯಾರೇ ಆಗಲಿ. ಎದುರಿನ ಕಾಫಿ ಪುಡಿ ಅಂಗಡಿಯ ಮೋಹನ್‌ಕುಮಾರ್, ಬಂದ ಗಿರಾಕಿಗಳನ್ನು ತಾವೇ ಕೂರಿಸಿಕೊಂಡು, "ಒಳಗೆ ಹೆರಿಗೆ ಆಗ್ತಾ ಇದೆ, ಸ್ವಲ್ಪ ತಡೀರಿ" ಎನ್ನುತ್ತಾರೆ. ಈ ನಿಯಮ ಬಂದದ್ದು ಹೇಗೆಂದು ಮೋಹನ್‌ಕುಮಾರ್‌ಗೆ ಗೊತ್ತಿಲ್ಲ. ಈ ವಾರದವರೆಗೆ ಯಾರಿಗೂ ಗೊತ್ತಿರಲಿಲ್ಲ.

1985ರ ಆಯುಧಪೂಜೆ. ಪೂಜೆಗಿಡುವ ಬಂದೂಕನ್ನು ಒರೆಸಿ ಎಣ್ಣೆ ಹಾಕಿಸಿಕೊಂಡು ಹೋಗುವುದು ಆಗ ಸುತ್ತಲಿನ ನಾಲ್ಕು ತಾಲ್ಲೂಕಿನ ಲೈಸೆನ್ಸುದಾರರ ರೂಢಿ. ಹಬ್ಬದ ಹಿಂದಿನ ದಿನ ಹಾಸನದ ಅಂಗಡಿಯಲ್ಲಿ ಮೂವತ್ತೆಂಟು ಬಂದೂಕಿದ್ದವು. ಅವುಗಳ ನಡುವೆ ಎರಡು ಮೌಸರ್. ಒಂದು ಸಾಲಗಾಮೆಯ ಜಮೀನುದಾರರ ಮನೆಯದು, 417. ಆ ಮನೆಯ ಹಿರಿಯರೊಬ್ಬರು ಮೈಸೂರು ಸಂಸ್ಥಾನದ ಕುದುರೆ ಸವಾರರ ಪಡೆಯಲ್ಲಿ ಸಮುದ್ರದಾಚೆಯ ಯುದ್ಧಕ್ಕೆ ಹೋಗಿ ತಂದದ್ದು ಎಂದು ಮನೆಯವರು ಹೇಳುತ್ತಾರೆ; ಕಾಗದಪತ್ರವಿಲ್ಲ. ಇನ್ನೊಂದು ಚನ್ನರಾಯಪಟ್ಟಣದ ಅಮಲ್ದಾರರ ಮನೆಯದು, 286. ಅಮಲ್ದಾರರು ಅದನ್ನು ಊರಿಗೆ ಹಿಂತಿರುಗುತ್ತಿದ್ದ ಇಂಗ್ಲಿಷ್ ಅಧಿಕಾರಿಯಿಂದ ಕೊಂಡಿದ್ದರು.

ಕೆಂಪಣ್ಣ ಊಟಕ್ಕೆ ಹೋಗಿದ್ದಾಗ ಇಪ್ಪತ್ತೆರಡರ ಚೆನ್ನಯ್ಯ ಎರಡನ್ನೂ ಒಟ್ಟಿಗೆ ಬಿಚ್ಚಿದರು, ಒಂದೇ ತಟ್ಟೆಯ ಸೀಮೆಎಣ್ಣೆಯಲ್ಲಿ ತೊಳೆದರು. ಕೂಡಿಸುವಾಗ ನಂಬರು ಓದಲಿಲ್ಲ. ಟ್ರಿಗರ್ ಒತ್ತಿದಾಗ ಹಿಂದಿನಿಂದ ಬಡಿಯುವ ತುಂಡು, ಬಂದೂಕಿನವರ ಮಾತಿನಲ್ಲಿ ಕುದುರೆ, 286ರಲ್ಲಿ ಸರಿಯಾಗಿ ಕೂರಲಿಲ್ಲ. ಕೂದಲೆಳೆಯಷ್ಟು ಬಿಗಿ. ತುಕ್ಕಿನಿಂದ ಇರಬೇಕೆಂದುಕೊಂಡು ಅರ ತೆಗೆದು ಎಡಗಡೆ ನಾಲ್ಕು ಸಲ ಉಜ್ಜಿದರು. ಕೂತುಕೊಂಡಿತು. ಎರಡೂ ಪಿಸ್ತೂಲು ಸಂಜೆಯೇ ಅವರವರ ಮನೆಗೆ ಹೋದವು.

ಮರುವರ್ಷದ ಹಬ್ಬಕ್ಕೆ 286 ಬಂದಾಗ ಬಿಚ್ಚಿ ನೋಡಿದರೆ ಅದರ ಕುದುರೆಯ ಬುಡದಲ್ಲಿ 417 ಎಂದಿದೆ, ಪಕ್ಕದಲ್ಲಿ ತಮ್ಮದೇ ಅರದ ಗೀರಿದೆ.

"ಅದಲುಬದಲು ಆಗಿದ್ದು ಒಂದ್ ತಪ್ಪು, ವಾಪಸ್ ಆಕ್ಬೋದು. ಅರ ಆಕುದ್ನಲ್ಲ, ಅದು ವಾಪಸ್ ಬರಾಕಿಲ್ಲ. ಅವ್ರು ಜರ್ಮನೀಲಿ ಕೂತ್ಕಂಡು ಕೂದ್ಲೆಳೆ ಲೆಕ್ದಲ್ಲಿ ಉಜ್ಜಿದ್ರು. ನಾನು ಊಟದ್ ಒತ್ನಲ್ಲಿ ನಾಕೇಟು ಉಜ್ದೆ."

ಆ ತಿಂಗಳಷ್ಟೇ ಕೆಂಪಣ್ಣ ಒಂದು ಸ್ಪ್ರಿಂಗ್ ಕಳೆದ ಕೆಲಸಗಾರನನ್ನು ಮನೆಗೆ ಕಳಿಸಿದ್ದರು. ಚೆನ್ನಯ್ಯ ಬಾಯಿ ಬಿಡಲಿಲ್ಲ. ಸ್ವಂತ ಅಂಗಡಿ ಮಾಡಿದ ಮೇಲೂ ಎರಡೂ ಪಿಸ್ತೂಲು ಇವರ ಬಳಿಗೇ ಬರುತ್ತಿದ್ದವು, ಆದರೆ ಒಮ್ಮೆಯೂ ಒಟ್ಟಿಗೆ ಬರಲಿಲ್ಲ. ಒಟ್ಟಿಗೆ ತರಿಸಬೇಕಾದರೆ ಇಬ್ಬರಿಗೂ ಕಾರಣ ಹೇಳಬೇಕಿತ್ತು. ಎರಡೂ ಕೆಲಸ ಮಾಡುತ್ತಿವೆ, ಹೊರಗಿನಿಂದ ಆ ಅಂಕಿ ಕಾಣುವುದೂ ಇಲ್ಲ. ಹೇಳಿದರೆ ಹೋಗುವುದು ನಾಲ್ಕು ತಾಲ್ಲೂಕಿನಲ್ಲಿ ಕಟ್ಟಿಕೊಂಡ ಹೆಸರು. ಪಿಸ್ತೂಲಿನ ನಂಬರಿನ ವಿಚಾರ ಯಾರಾದರೂ ಮೇಲಿನವರ ಕಿವಿಗೆ ಹಾಕಿದರೆ ಲೈಸೆನ್ಸೂ ಹೋಗಬಹುದು. ಹೀಗೆ ವರ್ಷಗಳು ಹೋದವು.

ಹೆಂಡತಿ ರೇವಮ್ಮನಿಗೆ ತಿಳಿದದ್ದು ಮಂಗಳವಾರ. ಗಂಡ ನಿದ್ದೆಯಲ್ಲಿ ನಾನೂರ ಹದಿನೇಳು ಎಂದು ಕನವರಿಸುವುದನ್ನು ಆಕೆ ಮದುವೆಯಾದಾಗಿನಿಂದ ಕೇಳಿದ್ದಾರೆ. ದೇವರೇ ನುಡಿಸುತ್ತಿದ್ದಾನೆ ಎಂದುಕೊಂಡು ಹಿಂದೆ ಒಮ್ಮೆ ಅದೇ ಅಂಕಿಯಿಂದ ಮುಗಿಯುವ ಲಾಟರಿ ಟಿಕೆಟ್ ತೆಗೆದುಕೊಂಡಿದ್ದರಂತೆ. "ಒಂದ್ ಬಿಡಿಗಾಸೂ ಬರ್ನಿಲ್ಲ. ಈಗ್ ನೋಡುದ್ರೆ ಪಿಸ್ತೂಲ್ ನಂಬ್ರಂತೆ. ಎಂಡ್ರುಗೂ ಏಳ್ದಂಗೆ ಇಟ್ಕಂಡಿದ್ನಲ್ಲ ಈವಯ್ಯ."

ಮಂಗಳವಾರ ಮಧ್ಯಾಹ್ನ ಬಂದವರು ಸಾಲಗಾಮೆಯ ಪುಟ್ಟತಾಯಮ್ಮ. ಎಪ್ಪತ್ತೆಂಟು ವರ್ಷ, ಎಂಟು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡವರು. ಹಾಸನದಲ್ಲಿ ಸಿಮೆಂಟ್ ಅಂಗಡಿ ನಡೆಸುವ ಮಗ ಅನಿಲ್‌ಕುಮಾರ್‌ಗೆ ಪಿಸ್ತೂಲು ಬೇಡ. ತಮಗೂ ನವೀಕರಣಕ್ಕೆ ಅಲೆಯುವ ಶಕ್ತಿಯಿಲ್ಲ. ಒಪ್ಪಿಸುವುದಾಗಿ ಬರೆದುಕೊಟ್ಟಾಗಿದೆ, ಠಾಣೆಯವರು ಶುಕ್ರವಾರ ಬನ್ನಿ ಎಂದಿದ್ದಾರೆ. ಕೊಳಕಾಗಿ ಕಳಿಸುವುದು ಬೇಡ, ಕೊನೆಯದಾಗಿ ಒಮ್ಮೆ ಒರೆಸಿ ಕೊಡು ಎಂದು ಅವರು ಕೇಳಿದಾಗ ಚೆನ್ನಯ್ಯ ತಲೆಯಾಡಿಸಿ ಪೆಟ್ಟಿಗೆ ತೆಗೆದುಕೊಂಡರು. ಹೇಳಬೇಕಾದ್ದನ್ನು ಹೇಳಲಿಲ್ಲ.

417 ಠಾಣೆ ಸೇರಿದರೆ ಅದರೊಂದಿಗೆ 286ರ ಕುದುರೆಯೂ ಹೋಗುತ್ತದೆ. ಚನ್ನರಾಯಪಟ್ಟಣದಲ್ಲಿ ಉಳಿಯುವ ಪಿಸ್ತೂಲು ಇನ್ನು ಯಾವತ್ತೂ ಪೂರ್ತಿಯಾಗುವುದಿಲ್ಲ.

ಬುಧವಾರ ಬೆಳಿಗ್ಗೆ ಭೂತಗನ್ನಡಿ ಕೆಳಗಿಟ್ಟ ಚೆನ್ನಯ್ಯ, 417ನ್ನು ಇದ್ದ ಹಾಗೆಯೇ ಕೂಡಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಟಿವಿಎಸ್ ಹತ್ತಿ ಸಾಲಗಾಮೆಗೆ ಹೋಗುತ್ತಾರೆ. ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಕೇಳಿದ ಮೇಲೂ ಸ್ವಲ್ಪ ಹೊತ್ತು ಸುಲಿಯುತ್ತಲೇ ಇರುತ್ತಾರೆ.

"ಅಲ್ಲ ಕಣ್ಲಾ ಚೆನ್ನಯ್ಯ, ನಲವತ್ತೊರ್ಸ ನಮ್ಮನೇಲಿ ಚನ್ರಾಯಪಟ್ಣದೋರ ಕುದ್ರೆಗೆ ಕುಂಕುಮ ಇಟ್ಟಂಗಾಯ್ತಲ್ಲ."

ಚೆನ್ನಯ್ಯ ತಲೆ ತಗ್ಗಿಸುತ್ತಾರೆ. ತಮ್ಮ ಗಂಡ ಬದುಕಿರುವಾಗ ಹೇಳಿದ್ದರೆ ಹೊಡೆದುಬಿಡುತ್ತಿದ್ದರು, ಅದಕ್ಕೇ ಕಾದೆಯೇನೋ ಎಂದು ಆಕೆ ಕೇಳುತ್ತಾರೆ. ಅದು ತಮಾಷೆಯೋ ಸಿಟ್ಟೋ ತಿಳಿಯುವುದಿಲ್ಲ. ಬಳಿಕ ಮೊರವನ್ನು ಪಕ್ಕಕ್ಕೆ ಸರಿಸಿ ಹೇಳುತ್ತಾರೆ: "ನಮ್ದು ಓಗೋದು ಓಯ್ತದೆ. ಅವ್ರುದ್ನೂ ಯಾಕ್ ಎಳ್ಕೊಂಡ್ ಓಗ್ಬೇಕು? ನಮ್ದ ನಮಗಾಕಿ ಕೊಡು. ನಾಳೆ ನಾನೂ ಬತ್ತೀನಿ, ಕಣ್ಣಾರೆ ನೋಡ್ಬೇಕು."

ಇನ್ನೊಬ್ಬರನ್ನು ಒಪ್ಪಿಸುವುದು ಅಷ್ಟು ಸುಲಭವಾಗುವುದಿಲ್ಲ. ಅಮಲ್ದಾರರ ಮೊಮ್ಮಗ ಯೋಗಾನರಸಿಂಹ ಚನ್ನರಾಯಪಟ್ಟಣದಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಫೋನಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಪಿಸ್ತೂಲು ಚೆನ್ನಾಗಿಯೇ ಇದೆ, ಸುಮ್ಮನೆ ಬಿಚ್ಚಿ ಇನ್ನೇನಾದರೂ ಆದರೆ ಯಾರು ಹೊಣೆ ಎನ್ನುತ್ತಾರೆ.

"ನನಗೆ ಹೇಳೋದಕ್ಕೆ ನಲವತ್ತು ವರ್ಷ ಬೇಕಾಯ್ತೇನ್ರೀ ಚೆನ್ನಯ್ಯ?"

"ಬೇಕಾಯ್ತು ಸಾ. ಶುಕ್ರವಾರ ಅಂತ ಒಂದ್ ದಿನ ಬರ್ದೇ ಇದ್ದಿದ್ರೆ ಇನ್ನೂ ಏಳ್ತಿರ್ನಿಲ್ಲವೇನೋ."

ಯೋಗಾನರಸಿಂಹ ಯೋಚಿಸಿ ಹೇಳುತ್ತೇನೆಂದು ಫೋನ್ ಇಡುತ್ತಾರೆ. ಸಂಜೆ ಆರೂವರೆಗೆ ಅವರೇ ಕರೆ ಮಾಡಿ, ನಾಳೆ ಬೆಳಿಗ್ಗೆ ಕಾರಿನಲ್ಲಿ ಬರುವುದಾಗಿ ಒಂದೇ ಮಾತಿನಲ್ಲಿ ತಿಳಿಸುತ್ತಾರೆ.

ಗುರುವಾರ ಏಳು ಗಂಟೆಗೆ ಚೆನ್ನಯ್ಯ ತಮ್ಮ ನಿಯಮ ಮುರಿಯುತ್ತಾರೆ. ಮೇಜಿನ ಮೇಲೆ ಎರಡು ಪಿಸ್ತೂಲು. ಎಡಗಡೆ ಬಿಳಿ ಪಂಚೆಯ ಮೇಲೆ ಸಾಲಗಾಮೆಯದು, ಬಲಗಡೆ ರೇವಮ್ಮನ ಹಳೆಯ ಹಸಿರು ಸೀರೆಯ ತುಂಡಿನ ಮೇಲೆ ಚನ್ನರಾಯಪಟ್ಟಣದ್ದು. ಸೀಮೆಎಣ್ಣೆಗೆ ಎರಡು ತಟ್ಟೆ. ನಡುವೆ ರೇವಮ್ಮ ಗಡಿ ಕಲ್ಲಿನಂತೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಪುಟ್ಟತಾಯಮ್ಮ ತಮ್ಮ ಕಡೆಗೆ, ಯೋಗಾನರಸಿಂಹ ತಮ್ಮ ಕಡೆಗೆ. ಪುಟ್ಟತಾಯಮ್ಮನೇ ಮೊದಲು, ನಿಮ್ಮ ಕುದುರೆಯನ್ನು ಇಷ್ಟು ವರ್ಷ ಚೆನ್ನಾಗಿಯೇ ಸಾಕಿದ್ದೇವೆ ಮೇಷ್ಟ್ರೇ ಎಂದಾಗ ಯೋಗಾನರಸಿಂಹ ನಗುತ್ತಾರೆ.

ಚೆನ್ನಯ್ಯ ನಗುವುದಿಲ್ಲ. ತೆಗೆದ ಪ್ರತಿ ತುಂಡಿನ ನಂಬರನ್ನೂ ಗಟ್ಟಿಯಾಗಿ ಓದಿ, ಆಯಾ ಮಾಲೀಕರ ಕಣ್ಣಿಗೆ ತೋರಿಸಿ ಕೆಳಗಿಡುತ್ತಾರೆ. ಒಮ್ಮೆ ನಿಲ್ಲಿಸಿ ನೀರು ಕುಡಿಯುತ್ತಾರೆ. ಎರಡೂ ಕುದುರೆ ಹೊರಗೆ ಬಂದ ಮೇಲೆ ರೇವಮ್ಮ ಸ್ಟೂಲಿನಿಂದ ಎದ್ದು ಜಾಗ ಬಿಡುತ್ತಾರೆ. ತುಂಡುಗಳು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ದಾಟುತ್ತವೆ.

286ರ ಕುದುರೆಗೆ ಯಾವತ್ತೂ ಅರ ಬಿದ್ದಿರಲಿಲ್ಲ. ಅದು ತನ್ನ ಪಿಸ್ತೂಲಿನಲ್ಲಿ ಬೆರಳ ತುದಿಯಿಂದ ಒತ್ತಿದ್ದಷ್ಟಕ್ಕೇ ಒಳಗೆ ಜಾರಿ ಕೂರುತ್ತದೆ. ಯೋಗಾನರಸಿಂಹ ಖಾಲಿ ಪಿಸ್ತೂಲನ್ನು ಹಿಡಿದು, ಕುದುರೆಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆಳೆದು ಮೆಲ್ಲಗೆ ಮುಂದೆ ಬಿಡುತ್ತಾರೆ. ಇನ್ನೊಮ್ಮೆ ಹಾಗೇ ಮಾಡುತ್ತಾರೆ. ಇದು ಬೇರೆಯೇ ಇದೆಯಲ್ರೀ ಎನ್ನುತ್ತಾರೆ.

417ರದು ಹಾಗಲ್ಲ. ತನ್ನ ಜಾಗಕ್ಕೆ ಬಂದ ಕುದುರೆ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ, ಆದರೆ ಬೆರಳಿಟ್ಟು ಅಲ್ಲಾಡಿಸಿದರೆ ಎಡಕ್ಕೆ ಕೂದಲೆಳೆಯಷ್ಟು ಆಡುತ್ತದೆ. ಅದನ್ನು ಚೆನ್ನಯ್ಯ ಮುಚ್ಚಿಡದೆ ಪುಟ್ಟತಾಯಮ್ಮನ ಬೆರಳನ್ನೇ ಹಿಡಿದು ಮುಟ್ಟಿಸುತ್ತಾರೆ. ಆಕೆಗೆ ಏನೂ ಗೊತ್ತಾಗುವುದಿಲ್ಲ. ತನಗೆ ಗೊತ್ತಾಗುತ್ತಿದೆ ಎಂದು ಚೆನ್ನಯ್ಯ ಹೇಳುತ್ತಾರೆ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದ್ದಕ್ಕೂ ಉತ್ತರ ತಡವಾಗಿಯೇ ಬರುತ್ತದೆ. ಮಾರ್ಚಿನ ನವೀಕರಣ ಅವರ ಮನಸ್ಸಿನಲ್ಲಿದೆ. ರೇವಮ್ಮ ಬೇಡವೆಂದು ಕಣ್ಣು ಮಾಡುತ್ತಾರೆ. ಶುಕ್ರವಾರ ಕಳೆಯಲಿ, ಆಮೇಲೆ ಹೇಳುತ್ತೇನೆ ಎನ್ನುತ್ತಾರೆ ಚೆನ್ನಯ್ಯ.

ಶುಕ್ರವಾರ ಹನ್ನೊಂದಕ್ಕೆ ಠಾಣೆಯಲ್ಲಿ ಪುಟ್ಟತಾಯಮ್ಮನ ಜೊತೆ ಚೆನ್ನಯ್ಯನೂ ಇದ್ದಾರೆ. ಠಾಣೆಯ ರೈಟರ್ ರಸೀದಿಯಲ್ಲಿ ಪಿಸ್ತೂಲಿನ ನಂಬರ್ ಹಾಕಿ, "ಹಳೆಯ ವಿದೇಶಿ ಪಿಸ್ತೂಲು, ಒಂದು" ಎಂದು ಬರೆದು ಸಹಿಗೆ ತಿರುಗಿಸುತ್ತಾರೆ. ಪುಟ್ಟತಾಯಮ್ಮ ಪೆನ್ನು ತೆಗೆದುಕೊಳ್ಳುವಷ್ಟರಲ್ಲಿ ಚೆನ್ನಯ್ಯ ಮುಂದೆ ಬರುತ್ತಾರೆ. ಒಳಗಿನ ತುಂಡುಗಳ ನಂಬರನ್ನೂ ಬರೆದುಕೊಳ್ಳಿ ಎಂದು ಕೇಳುತ್ತಾರೆ.

"ಏನ್ರೀ, ಜಾತಕ ಬರೀಬೇಕಾ ಇದಕ್ಕೆ?"

ಬರೆಯಬೇಕು ಎನ್ನುತ್ತಾರೆ ಚೆನ್ನಯ್ಯ. ಹಿಂದೆ ಕಾದು ಕೂತಿದ್ದ ಇಬ್ಬರು ನಗುತ್ತಾರೆ. ರೈಟರ್ ನಿಟ್ಟುಸಿರು ಬಿಟ್ಟು ಬರೆದುಕೊಳ್ಳುತ್ತ ಹೋಗುತ್ತಾರೆ. ನಳಿಗೆ, ಗುರಿಪಟ್ಟಿ, ತೋಟಾವನ್ನು ನಳಿಗೆಗೆ ತಳ್ಳುವ ಬೋಲ್ಟು, ಕುದುರೆ. ಎಲ್ಲಕ್ಕೂ 417. ಮುಗಿಯಿತೇ ಎಂದು ತಲೆಯೆತ್ತಿದಾಗ ಚೆನ್ನಯ್ಯ ಇನ್ನೊಂದು ಸಾಲು ಹೇಳುತ್ತಾರೆ. ಕುದುರೆಯ ಎಡಗಡೆ ಅರ ಬಿದ್ದಿದೆ, ಅದನ್ನೂ ಬರೆಯಬೇಕು.

ರೈಟರ್ ಪೆನ್ನು ನಿಲ್ಲಿಸುತ್ತಾರೆ. ಅವರ ದನಿ ಈಗ ಬೇರೆ. "ಅರ ಹಾಕಿದ್ದು ಯಾರು?"

ಪುಟ್ಟತಾಯಮ್ಮ, ಹಳೇದು ಬಿಡಪ್ಪ ಎಂದು ಅಡ್ಡ ಬರುತ್ತಾರೆ. ಚೆನ್ನಯ್ಯ ಅವರ ಕಡೆ ತಿರುಗುವುದಿಲ್ಲ.

"ನಾನೇ ಸಾ. ಎಂಬತ್ತೈದ್ನೇ ಇಸ್ವಿ. ತಪ್ಪಿ ಆಕ್ದೆ."

ರೈಟರ್ ಹೆಸರು, ತಂದೆಯ ಹೆಸರು, ಊರು ಕೇಳುತ್ತಾರೆ. ಚೆನ್ನಯ್ಯ ಬಿನ್ ಬೆಟ್ಟೇಗೌಡ, ಹರದನಹಳ್ಳಿ. ಆ ಸಾಲೂ ರಸೀದಿಗೆ ಸೇರುತ್ತದೆ. ಪುಟ್ಟತಾಯಮ್ಮ ಅದರ ಕೆಳಗೆ ನಿಧಾನವಾಗಿ ಸಹಿ ಮಾಡುತ್ತಾರೆ. ಪಿಸ್ತೂಲು ಬಟ್ಟೆಯ ಚೀಲಕ್ಕೆ ಹೋಗುತ್ತದೆ, ಚೀಲದ ಬಾಯಿಗೆ ಅರಗು ಬೀಳುತ್ತದೆ.

ಹೊರಗೆ ಬಂದು ಹೊಂಗೆ ಮರದ ನೆರಳಲ್ಲಿ ನಿಂತಾಗ, ಪತ್ರಿಕೆಯಲ್ಲಿ ಬರೆಯುವುದಕ್ಕೆ ಈಗ ತಮ್ಮ ಅಡ್ಡಿಯೇನೂ ಇಲ್ಲ ಎನ್ನುತ್ತಾರೆ ಚೆನ್ನಯ್ಯ. ಮಾರ್ಚಿನಲ್ಲಿ ಯಾರಾದರೂ ಕೇಳಿದರೆ ಇವತ್ತು ಹೇಳಿದ್ದನ್ನೇ ಹೇಳುವುದು.

"ಮಾಡ್ದೋರ್ ಎಸ್ರು ನಳಿಗೆ ಮ್ಯಾಲೆ ಒತ್ತೈತೆ, ನೂರೊರ್ಸದಿಂದ್ಲೂ ಐತೆ. ಕೆಡಿಸ್ದೋನ್ ಎಸ್ರು ಎಲ್ಲೂ ಇರ್ನಿಲ್ಲ. ಈಗೈತೆ."